ಮೇಷ್ಟ್ರ ಕಾರಿನ ಜ್ವರ

ಶನಿವಾರ ಸಂಜೆ ಶಾಲೆಯಿಂದ ಮನೆಗೆ ಬರುವಾಗ ಡ್ರಾಯಿಂಗ್ ಮೇಷ್ಟ್ರ ಕಾರಿನ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪು ಗೆರೆಗೆ ಹೋಗಿ ಕೂತಿತು. ಬೀದಿಯ ತುದಿಯ ಏರಿನಲ್ಲಿ, ಎಲ್ಲರ ಕಿಟಕಿಗಳೂ ತೆರೆದಿರುವ ಹೊತ್ತನ್ನೇ ನೋಡಿಕೊಂಡು, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಮೇಷ್ಟ್ರು ಕೆಳಗಿಳಿದು, ಯಾರದೋ ಕಾರಿನ ಪಕ್ಕ ಸುಮ್ಮನೆ ನಿಂತವರಂತೆ ಆಕಾಶ ನೋಡತೊಡಗಿದರು. ಆದರೆ ಆ ನೀಲಿ ಕಾರು ಯಾರದೆಂದು ಬೀದಿಯ ನಾಯಿಗಳಿಗೂ ಗೊತ್ತಿತ್ತು.

"ಸಾಕು ಕಣ್ರೀ," ಅಂದಳು ಹೆಂಡತಿ, ಅವರು ಚಪ್ಪಲಿ ಬಿಡುವ ಮೊದಲೇ. "ಇಡೀ ಬೀದಿ ನಗ್ತಿದೆ. ನಾಳೆ ಸಂಜೆ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಅದು ಕುದಿಯೋದು ನಿಲ್ಲಿಸಿದ್ರೆ ಸರಿ, ಇಲ್ಲಾಂದ್ರೆ ಅವನು ತಗೊಂಡು ಹೋಗ್ಲಿ. ಪಾಪ, ಬೇಡ ಅನ್ನೋನಲ್ಲ ಅವನು."

ಬೇಡ ಅನ್ನುವವನಲ್ಲ ಎಂಬುದೇ ಮೇಷ್ಟ್ರ ಎದೆಗುದಿಯಾಗಿತ್ತು. ಭಾವಮೈದುನನದು ಹಳೆಯ ಸಾಮಾನಿನ ಅಂಗಡಿ, ಹೆಸರು 'ಹೊಸದರಂತೆ'. ಈ ಮನೆಯಲ್ಲಿ ಏನು ಕೆಟ್ಟರೂ ಅವನು ಮೃದುವಾಗಿ, "ನಿಮಗೆ ಬೇಡವಾದ್ರೆ ಇರ್ಲಿ ಬಿಡಿ ಭಾವ, ನಾನೇ ಇಟ್ಕೋತೀನಿ" ಎನ್ನುತ್ತ ಎತ್ತಿಕೊಂಡು ಹೋಗುತ್ತಿದ್ದ. ಗಾಳಿ ತುಂಬಿದಷ್ಟೂ ಇಳಿಯುತ್ತಿದ್ದ ಸೈಕಲ್ ಹೋಯಿತು. ಗರಗರ ಎನ್ನುತ್ತಿದ್ದ ರೇಡಿಯೋ ಹೋಯಿತು. ಕೂತರೆ ಕುಸಿಯುತ್ತಿದ್ದ ಆರಾಮಕುರ್ಚಿಯೂ ಹೋಯಿತು. ಇಲ್ಲಿ ಹೆಣವಾಗಿದ್ದದ್ದು ಅಲ್ಲಿಗೆ ಹೋದ ಮಾರನೆಯ ದಿನವೇ ಎದ್ದು ಕೂರುತ್ತಿತ್ತು. "ಅವನ ಕೈಗುಣ" ಎಂದು ಅಕ್ಕ ಹಿಗ್ಗುತ್ತಿದ್ದಳು.

ಆರಾಮಕುರ್ಚಿ ಹೋದ ಮೇಲೆ ಮೇಷ್ಟ್ರಿಗೆ ನೆಮ್ಮದಿಯಾಗಿ ಕೂರಲು ಉಳಿದದ್ದು ಆ ಕಾರಿನ ಸೀಟು ಒಂದೇ. ಸಂಜೆ ಮನೆ ಮುಂದೆ ನಿಂತ ಕಾರಿನಲ್ಲಿ, ಗಾಜು ಏರಿಸಿಕೊಂಡು, ಎಲ್ಲಿಗೂ ಹೋಗದೆ ಅರ್ಧ ಗಂಟೆ ಕೂತು ಬರುತ್ತಿದ್ದರು. ಒಳಗೆ ಯಾರೂ ಅವರಿಗೆ ಬುದ್ಧಿ ಹೇಳುತ್ತಿರಲಿಲ್ಲ. ಆ ಕಾರೂ ಹೋದರೆ ಅವರಿಗೆ ಕೂರಲು ಬೇರೆ ಜಾಗವೇ ಇರುತ್ತಿರಲಿಲ್ಲ.

ಹಾಗಾಗಿ ರಾತ್ರಿ ಫೋನಿನಲ್ಲಿ ವಿಡಿಯೋ ನೋಡಿದರು. ಅದರಲ್ಲೊಬ್ಬ ಹುಡುಗ, ತುಟಿಯಲ್ಲೇ ಸಿಳ್ಳೆ ಹಾಕುತ್ತ, ಬಟ್ಟೆಗೆ ಒಂದು ಕಲೆಯೂ ಆಗದಂತೆ ಥರ್ಮೋಸ್ಟಾಟ್ ಬದಲಿಸಿದ. ಎಂಜಿನ್ ಬಿಸಿಯಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲು ಅದು. ಬಾಗಿಲು ತೆರೆಯದಿದ್ದರೆ ನೀರು ಒಳಗೇ ಕುದಿಯುತ್ತದೆ, ಅಷ್ಟೇ. ಭಾನುವಾರ ಬೆಳಗ್ಗೆ ಬಿಡಿಭಾಗದ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತು ಹೊಸದೊಂದನ್ನು ತಂದರು.

ಬಾನೆಟ್ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಬಂದ ಹಾಗೆ ಇಬ್ಬರು ಬಂದರು. ಮಹಡಿಮನೆಯ ರಿಟೈರ್ಡ್ ಕಂಡಕ್ಟರ್, ಎದುರುಮನೆಯ ಕಾಂಪೌಂಡರ್.

"ಏನ್ ಮೇಷ್ಟ್ರೇ, ಎಂಜಿನ್ ಇಳಿಸ್ತಿದ್ದೀರಾ?" ಅಂದರು ಕಂಡಕ್ಟರ್. "ಒಂದ್ ಮಾತು ಕೇಳ್ಬಾರ್ದಾ? ಜೀವಮಾನವೆಲ್ಲ ಎಂಜಿನ್ ಪಕ್ಕದಲ್ಲೇ ನಿಂತು ಟಿಕೆಟ್ ಹರಿದೋನು ನಾನು."

"ಇದು ಜ್ವರ," ಅಂದರು ಕಾಂಪೌಂಡರ್, ರೇಡಿಯೇಟರಿನ ಮೇಲೆ ಹಿಂಗೈ ಇಟ್ಟು. "ಜ್ವರ ಕಾಯಿಲೆ ಅಲ್ಲ, ಲಕ್ಷಣ. ಕಾಯಿಲೆ ಬೇರೆ ಎಲ್ಲೋ ಇರುತ್ತೆ."

ಇಡೀ ದಿನದಲ್ಲಿ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ಅದು. ಆದರೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ, ಕೇಳಿದವರಿಗಂತೂ ಕೇಳುವ ಮನಸ್ಸೇ ಇರಲಿಲ್ಲ.

ಮೇಷ್ಟ್ರು ಕೆಳಗಿನ ಪೈಪಿನ ಕ್ಲಿಪ್ ಸಡಿಲಿಸಿದರು. ವಿಡಿಯೋದಲ್ಲಿ ಎಂಜಿನ್ ತಂಪಿಡುವ ಹಸಿರು ಕೂಲಂಟ್ ಬಕೆಟ್ಟಿಗೆ ಸಣ್ಣಗೆ ಇಳಿದಿತ್ತು. ಇಲ್ಲಿ ಅದು ಬಕೆಟ್ ಒಂದನ್ನು ಬಿಟ್ಟು ಮೇಷ್ಟ್ರ ತೋಳು, ಎದೆ, ಗಲ್ಲ ಎಲ್ಲದರ ಮೇಲೂ ಇಳಿಯಿತು. ಬೀದಿಯ ಕಂದು ಬೆಕ್ಕು ಬಂದು ಕಾರಿನ ಮೂತಿಯ ಮುಂದೆ ಕೂತು, ಜಾಲರಿಯನ್ನು ಪರಪರ ಕೆರೆಯತೊಡಗಿತು.

"ಶ್ಶೂ, ಹೋಗಾಚೆ! ನಿನ್ನದೊಂದು ಬಾಕಿ ಇತ್ತು!" ಎಂದು ಮೇಷ್ಟ್ರು ಅದನ್ನು ಓಡಿಸಿದರು. ಅದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ಕೆರೆಯಿತು.

ಥರ್ಮೋಸ್ಟಾಟಿನ ಮುಚ್ಚಳಕ್ಕೆ ಎರಡೇ ಬೋಲ್ಟ್. ಒಂದು ಬೆಣ್ಣೆಯಂತೆ ಬಂತು. ಇನ್ನೊಂದು ತುಕ್ಕು ಹಿಡಿದು ತಾನೂ ಎಂಜಿನ್ನೂ ಒಂದೇ ಎಂದುಕೊಂಡಿತ್ತು. "ಬಲಕ್ಕೆ ತಿರುಗ್ಸಿ" ಅಂದರು ಕಂಡಕ್ಟರ್. "ಎಡಕ್ಕೆ" ಅಂದರು ಕಾಂಪೌಂಡರ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಸ್ಪ್ಯಾನರ್ ಜಾರಿ ಮೇಷ್ಟ್ರ ಬೆರಳಿನ ಗೆಣ್ಣು ಸುಲಿಯಿತು. ಕೊನೆಗೂ ಮುಚ್ಚಳ ಬಂತು, ಜೊತೆಗೆ ಅದರಡಿ ನೀರು ಸೋರದಂತೆ ಹಾಕಿದ್ದ ಹಳೆಯ ಗ್ಯಾಸ್ಕೆಟ್ ಚೂರುಚೂರಾಗಿ ಬಂತು. ಹೊಸ ಗ್ಯಾಸ್ಕೆಟ್ ತರಲು ಮೇಷ್ಟ್ರು ಮರೆತಿದ್ದರು.

ಆದರೆ ಅವರು ಡ್ರಾಯಿಂಗ್ ಮೇಷ್ಟ್ರು. ಮುಚ್ಚಳವನ್ನು ದಪ್ಪ ಕಾಗದದ ಮೇಲಿಟ್ಟು ಪೆನ್ಸಿಲ್ಲಿನಿಂದ ಅಂಚು ಎಳೆದು, ಬ್ಲೇಡಿನಿಂದ ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿ ಹೊಸದೊಂದನ್ನು ಮಾಡಿಯೇಬಿಟ್ಟರು. ಅವರ ಕೈಯಿಂದ ಬಂದ ಚಿತ್ರವೊಂದು ಉಪಯೋಗಕ್ಕೆ ಬಿದ್ದದ್ದು ಅದೇ ಮೊದಲು. ಒಂದು ನಿಮಿಷ ಅವರಿಗೆ ತುಂಬ ಸಂತೋಷವಾಯಿತು. ಆ ದಿನದ ಪಾಲಿನ ಸಂತೋಷ ಅಷ್ಟಕ್ಕೇ ಮುಗಿಯಿತು.

"ಪರೀಕ್ಷೆ ಮಾಡದೆ ಹೊಸದನ್ನ ಹಾಕ್ಬೇಡಿ," ಅಂದರು ಕಾಂಪೌಂಡರ್. "ಬಿಸಿನೀರಲ್ಲಿ ಹಾಕಿ ನೋಡಿ, ಬಾಯಿ ತೆಗೆಯುತ್ತೋ ಇಲ್ವೋ. ಹಳೇದನ್ನೂ ಹಾಕಿ."

"ಸತ್ತವನ ನಾಡಿ ಹಿಡಿದು ನೋಡ್ತಾರೇನ್ರೀ?" ಎಂದು ಕಂಡಕ್ಟರ್ ಸಿಡುಕಿದರು. ಆದರೂ ಮೂವರೂ ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕಿದ ಪಾತ್ರೆಗೆ ನೀರು ತುಂಬಿ, ಎರಡನ್ನೂ ಮುಳುಗಿಸಿ ಒಲೆಯ ಮೇಲಿಟ್ಟರು. ಸಿಕ್ಕಿದ್ದು ಹಾಲಿನ ಪಾತ್ರೆ. ಮೂರು ಬಕ್ಕತಲೆಗಳು ಅದರ ಮೇಲೆ ಬಾಗಿ, ಹೆರಿಗೆ ಕೋಣೆಯ ಮುಂದೆ ನಿಂತವರಂತೆ ಕಾದವು. ನೀರು ಕಾದಾಗ ಎರಡೂ ಒಟ್ಟಿಗೆ ಬಾಯಿ ತೆರೆದವು.

"ಹಳೇದೂ ಚೆನ್ನಾಗೇ ಇದೆಯಲ್ಲ!" ಅಂದರು ಮೇಷ್ಟ್ರು.

"ಬೆಂಕಿ ಮೇಲಿಟ್ರೆ ಯಾರಾದ್ರೂ ಬಾಯಿ ಬಿಡ್ತಾರೆ," ಎಂದು ಕಂಡಕ್ಟರ್ ತೀರ್ಪು ಕೊಟ್ಟರು. "ಅದನ್ನೆಲ್ಲ ನಂಬ್ಬೇಡಿ. ಹೊಸದು ಹೊಸದೇ."

ಅಷ್ಟರಲ್ಲಿ ಹೆಂಡತಿ ಬಂದಳು. ಹಾಲಿನ ಪಾತ್ರೆ ನೋಡಿದಳು. ಮುಂದೆ ನಡೆದದ್ದನ್ನು ವಿವರಿಸುವುದು ಬೇಡ. ಕಂಡಕ್ಟರ್ ಮತ್ತು ಕಾಂಪೌಂಡರ್ ಹಿಂಬಾಗಿಲಿನಿಂದ ಹೋದರು. ಅವಳು ಆ ಎರಡು ತುಂಡುಗಳನ್ನೂ ಪಾತ್ರೆಯ ಜೊತೆಗೇ ಗಸಗಸ ಉಜ್ಜಿ ತೊಳೆದು ಗಂಡನ ಕೈಗೆ ಹಾಕಿದಳು. ಎರಡೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಯಾವುದು ಹಳೆಯದು, ಯಾವುದು ಹೊಸದು ಎಂದು ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದರು, ಗೊತ್ತಾಗಲಿಲ್ಲ.

"ಕುಡಿಯೋಕೆ ತಣ್ಣೀರು ಕೊಡ್ತೀಯಾ?" ಅಂದರು ಸೋತ ದನಿಯಲ್ಲಿ.

"ಫ್ರಿಜ್ಜಲ್ಲಿದೆ, ತಗೊಳ್ಳಿ. ತಣ್ಣಗಿಲ್ಲ. ಯಾಕೋ ಈಚೆಗೆ ಅದೂ ಸರಿಯಾಗಿ ನಡೀತಿಲ್ಲ."

ಉಗುರುಬೆಚ್ಚಗಿನ ನೀರು ಕುಡಿದು, ಕಣ್ಣು ಮುಚ್ಚಿ ಎರಡರಲ್ಲೊಂದನ್ನು ಆರಿಸಿ, ಮೇಷ್ಟ್ರು ಅದನ್ನು ಕೂರಿಸಿದರು. ಅಷ್ಟರಲ್ಲಿ ಮತ್ತೆ ಬಂದು ಸೇರಿದ್ದ ಕಂಡಕ್ಟರ್ ಹೇಳಿದರೆಂದು ಮೊದಲು ತಲೆಕೆಳಗಾಗಿ ಕೂರಿಸಿದರು; ವಿಡಿಯೋ ನೋಡಿ ಮತ್ತೆ ಬಿಚ್ಚಿ, ಸ್ಪ್ರಿಂಗ್ ಎಂಜಿನ್ ಕಡೆಗೆ ಬರುವಂತೆ ಕೂರಿಸಿದರು. ಕೂಲಂಟ್ ತುಂಬಿದರು, ಗಾಳಿಗುಳ್ಳೆ ಹೋಗಲಿ ಎಂದು ಕಾದರು. ಊಟದ ಹೊತ್ತು ಎಂದೋ ಮೀರಿ ಹೋಗಿತ್ತು. ಒಂದು ಹನಿಯೂ ಸೋರಲಿಲ್ಲ. ಮುಳ್ಳು ಮಧ್ಯಕ್ಕೆ ಬಂದು ಸುಮ್ಮನೆ ನಿಂತಿತು.

"ಹತ್ತಿ ಮೇಷ್ಟ್ರೇ, ಒಂದ್ ರೌಂಡ್ ಹೋಗ್ಬರೋಣ!" ಅಂದರು ಕಂಡಕ್ಟರ್. ಕರೆಯುವ ಮೊದಲೇ ಅವರೂ ಕಾಂಪೌಂಡರೂ ಹತ್ತಿ ಕೂತಿದ್ದರು. ಕಾರು ಬೀದಿ ದಾಟಿತು, ಶಾಲೆ ದಾಟಿತು, ಮಾರುಕಟ್ಟೆ ಸುತ್ತಿತು. ಮೇಷ್ಟ್ರು ರಸ್ತೆಯನ್ನು ನೋಡಿದ್ದಕ್ಕಿಂತ ಮುಳ್ಳನ್ನು ನೋಡಿದ್ದೇ ಹೆಚ್ಚು. ವಾಪಸು ಬರುವಾಗ, ಬೀದಿಯ ತುದಿಯ ಅದೇ ಏರಿನಲ್ಲಿ, ಮುಳ್ಳು ಮೆಲ್ಲಗೆ ಮೇಲೆದ್ದಿತು. ಮೇಷ್ಟ್ರು ಉಸಿರು ಬಿಗಿಹಿಡಿದು "ಬೇಡಪ್ಪಾ, ಬೇಡ" ಎಂದು ಅದಕ್ಕೇ ಕೈಮುಗಿದರು. ಬುಸ್ಸೆಂದಿತು.

ಹಬೆ ತಿಳಿಯಾದಾಗ ಎದುರಿಗೆ ಭಾವಮೈದುನ ನಿಂತಿದ್ದ. ಕೈಯಲ್ಲಿ ನೀರಿನ ಕ್ಯಾನ್ ಬೇರೆ ಹಿಡಿದೇ ಬಂದಿದ್ದ.

"ಅಯ್ಯೋ ಭಾವ, ಯಾಕಿಷ್ಟು ಒದ್ದಾಡ್ತೀರಿ?" ಅಂದ, ನಿಜವಾಗಿಯೂ ಮರುಗಿದವನಂತೆ. "ನಿಮ್ಮ ಮುಖ ನೋಡೋಕಾಗಲ್ಲ ನನಗೆ. ಬೇಡವಾದ್ರೆ..."

ಸುಲಿದ ಗೆಣ್ಣು ಉರಿಯುತ್ತಿತ್ತು, ಹೊಟ್ಟೆ ಖಾಲಿಯಿತ್ತು, ಕಿಟಕಿಗಳಲ್ಲೆಲ್ಲ ತಲೆಗಳಿದ್ದವು. ಮೇಷ್ಟ್ರಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

"ತಗೊಂಡು ಹೋಗಯ್ಯಾ!" ಎಂದು ಕೀಲಿ ಅವನ ಕೈಗೆ ಹಾಕಿದರು. "ಕೊಟ್ಟೆ ಅಂದ್ರೆ ಕೊಟ್ಟೆ. ಇವರಿಬ್ಬರೂ ಸಾಕ್ಷಿ. ಇನ್ನೊಂದ್ಸಲ ಇದರ ಮುಖ ನನಗೆ ತೋರಿಸ್ಬೇಡ."

ಜೀವನದಲ್ಲಿ ಇಷ್ಟು ಗಟ್ಟಿಯಾಗಿ ಅವರು ಯಾವ ಮಾತನ್ನೂ ಆಡಿರಲಿಲ್ಲ. ಕಂಡಕ್ಟರ್ ಗಂಭೀರವಾಗಿ ತಲೆಯಾಡಿಸಿದರು. ಕಾಂಪೌಂಡರ್ ಕಣ್ಣೊರೆಸಿಕೊಂಡರು.

ಕಾರನ್ನು ಮನೆ ಮುಂದಕ್ಕೆ ತಳ್ಳಿಕೊಂಡು ಬಂದರು. ಎಂಜಿನ್ ಆರುವ ತನಕ ಭಾವಮೈದುನ ಅಕ್ಕನ ಕೈಯ ಟೀ ಕುಡಿದ. ನೀರು ತುಂಬಿಸಿದ. ಹೊರಡುವ ಮುನ್ನ ಕಾರಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಜಾಲರಿಯ ಕೆಳಗಿನಿಂದ ಕೈ ತೂರಿಸಿ, ರೇಡಿಯೇಟರಿಗೆ ಅಂಟಿಕೊಂಡಂತಿದ್ದ ಅಗಲವಾದ ರಟ್ಟೊಂದನ್ನು ಹೊರಗೆಳೆದ.

"ತಗೋ ಅಕ್ಕ, ಇನ್ನು ಇದು ಬೇಡ," ಎಂದು ಅವಳ ಕೈಗಿತ್ತು, ಕಾರು ಹತ್ತಿ ಹೊರಟುಹೋದ.

ಮೇಷ್ಟ್ರು ರಟ್ಟನ್ನು ನೋಡಿದರು. ಮಸಿ ಹಿಡಿದಿದ್ದರೂ ಮೂಲೆಯಲ್ಲಿ 'ಹೊಸದರಂತೆ' ಎಂದು ಅಚ್ಚಾಗಿದ್ದದ್ದು ಓದಲು ಬರುತ್ತಿತ್ತು.

"ಇದೇನೇ?"

"ಬೆಕ್ಕಿಗೆ ಕಣ್ರೀ. ಚಳಿ ಶುರುವಾದಾಗ ತಮ್ಮ ತಂದುಕೊಟ್ಟಿದ್ದ. ಬೆಕ್ಕು ಬೆಚ್ಚಗಿರುತ್ತೆ ಅಂತ ಎಂಜಿನ್ ಒಳಗೆ ನುಗ್ಗಿ ಮಲಗುತ್ತಂತೆ, ಪಾಪ, ಫ್ಯಾನಿಗೆ ಸಿಕ್ಕಿದ್ರೆ ಸತ್ತೇ ಹೋಗುತ್ತಂತೆ. ಅಡ್ಡ ಇಡು ಅಂದ, ಇಟ್ಟೆ. ಮೂಕಪ್ರಾಣಿ ಮೇಲೂ ಎಷ್ಟು ಕರುಣೆ ನೋಡಿ ಅವನಿಗೆ."

ಕಾರು ಕುದಿಯಲು ಶುರುವಾದದ್ದೂ ಚಳಿ ಶುರುವಾದಾಗಲೇ. ರೇಡಿಯೇಟರಿಗೆ ಗಾಳಿ ಬರುವ ದಾರಿಗೇ ರಟ್ಟು ಅಡ್ಡ ಇಟ್ಟರೆ ಯಾವ ಥರ್ಮೋಸ್ಟಾಟ್ ತಾನೇ ಏನು ಮಾಡೀತು? ಮೇಷ್ಟ್ರು ಬಾಯಿ ತೆರೆದರು. ಆದರೆ ಕೊಟ್ಟೆ ಅಂದರೆ ಕೊಟ್ಟೆ ಎಂದು ಕೂಗಿದ್ದ ಗಂಟಲು ಅದೇ, ಸಾಕ್ಷಿಗಳು ಇನ್ನೂ ಗೇಟಿನ ಬಳಿಯೇ ನಿಂತಿದ್ದರು. ಬೀದಿಯ ತುದಿಯ ಏರನ್ನು ನೀಲಿ ಕಾರು ಒಂದೆಳೆ ಹಬೆಯೂ ಇಲ್ಲದೆ ಹತ್ತಿ ಮರೆಯಾಯಿತು. ಅವರ ಜೇಬಿನಲ್ಲಿ ಹಳೆಯದೋ ಹೊಸದೋ ಆದ ಇನ್ನೊಂದು ಥರ್ಮೋಸ್ಟಾಟ್ ಭಾರವಾಗಿ ಜೋತುಬಿದ್ದಿತ್ತು.

"ನೋಡಿ, ಅವನ ಕೈಗುಣ!" ಅಂದಳು ಹೆಂಡತಿ. ಆಮೇಲೆ ರಟ್ಟಿನ ಧೂಳು ಕೊಡವುತ್ತ, "ಇದು ಫ್ರಿಜ್ಜಿಗೂ ಆಗುತ್ತೇನೋ. ಜಿರಳೆ ಬರದೇ ಇರ್ಲಿ ಅಂತ ಹೋದ ವಾರ ಹೀಗೇ ಒಂದನ್ನ ಅದರ ಹಿಂದುಗಡೆ ಒತ್ತಿ ಇಡು ಅಂದಿದ್ದ, ಇಟ್ಟಿದ್ದೀನಿ. ಅದೊಂದೇ ಸಾಲುತ್ತೋ ಇಲ್ವೋ" ಅಂದಳು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಕೂರಲು ಬೇರೆ ಜಾಗವಿರಲಿಲ್ಲ.

"ಹಾಂ, ಮರೆತೆ," ಅಂದಳು ಅವಳು ಒಳಗೆ ಹೋಗುತ್ತ. "ಫ್ರಿಜ್ ಸರಿಯಿಲ್ಲ ಅಂತ ತಮ್ಮನಿಗೆ ಹೇಳ್ದೆ. ಬೇಡವಾದ್ರೆ ಮುಂದಿನ ಭಾನುವಾರ ಬಂದು ತಗೊಂಡು ಹೋಗ್ತಾನಂತೆ. ಈಗ ಹೇಗೂ ಅವನ ಹತ್ರ ಕಾರಿದೆಯಲ್ಲ."