ಹದಿನೇಳು ಕಲ್ಲುಗಳ ಅಳಿಯ

ನನ್ನ ಪಿತ್ತಕೋಶ ನನ್ನನ್ನು ಬಿಟ್ಟುಹೋದದ್ದಕ್ಕೆ ನನಗೆ ಬೇಸರವಿಲ್ಲ. ಐವತ್ತೆರಡು ವರ್ಷ ಜೊತೆಗಿತ್ತು, ಸಾಕು. ಆದರೆ ಜಮಾಯಿ ಷಷ್ಠಿಗೆ ಮೂರೇ ವಾರ ಇರುವಾಗಲೇ ಹೋಗಬೇಕಿತ್ತೇ? ಅತ್ತೆಯಾದವಳು ಅಳಿಯನನ್ನು ಕೂರಿಸಿ, ಬೀಸಣಿಗೆಯಲ್ಲಿ ಗಾಳಿ ಹಾಕುತ್ತ, ಬೇಡ ಬೇಡವೆಂದರೂ ಬಡಿಸುವ ದಿನ ನಮ್ಮ ಬಂಗಾಳದಲ್ಲಿ ವರ್ಷಕ್ಕೊಂದೇ ಬರುವುದು!

"ಪಿತ್ತರಸ ಕೂಡಿಡೋ ಚೀಲ ಈಗಿಲ್ಲ. ಸ್ವಲ್ಪ ದಿನ ಜಿಡ್ಡು ಬೇಡ. ತಿಂದ್ರೆ ಕಕ್ಕಸಿಗೆ ಓಡ್ಬೇಕಾದೀತು" ಎಂದಿದ್ದರು ಡಾಕ್ಟರು. ನನ್ನ ಹೆಂಡತಿ ಸುತಪಾ ಅದನ್ನು ರಾಜಾಜ್ಞೆಯಂತೆ ಜಾರಿಗೆ ತಂದಳು. (ಆಜ್ಞೆಯ ಸಾರಾಂಶ: ಬಾಳೆಕಾಯಿ ಹಾಕಿದ ಮೀನಿನ ನೀರುಸಾರು. ಎರಡು ಹೊತ್ತೂ.)

"ನಿಮ್ಮಮ್ಮನಿಗೆ ಆಪರೇಷನ್ ವಿಷಯ ಹೇಳ್ಬೇಡ ಮಾರಾಯ್ತಿ. ಎಪ್ಪತ್ತೆಂಟರ ಜೀವ, ನೊಂದ್ಕೋತಾರೆ" ಎಂದೆ.

"ಅಮ್ಮನ ಚಿಂತೆಯೋ, ಅಮ್ಮನ ಮಟನ್ ಚಿಂತೆಯೋ?"

"ಎರಡೂ."

"ಒಂದೊಂದು ತುತ್ತು ರುಚಿ ನೋಡಿ, ಅಷ್ಟೇ. ನಾನಂತೂ ಬಾಯಿ ಬಿಡಲ್ಲ. ನಿಮ್ಮ ಬಾಯಿಗೆ ಬೀಗ ಹಾಕೋರು ಯಾರು?"

ಹಬ್ಬದ ಹಿಂದಿನ ಸಂಜೆ ಶಾಂತಿಪುರದಲ್ಲಿ ರೈಲಿಳಿದೆವು. ಅತ್ತೆ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ? ಅವರ ಬೀದಿಯ ಮೂಲೆಯಲ್ಲಿ ಗೋಷ್ಠ ಮೋದಕನ ಮಿಠಾಯಿ ಅಂಗಡಿಗೆ ನುಗ್ಗಿದೆ. ಸುತಪಾ ರಿಕ್ಷಾದಲ್ಲೇ ಕೂತಳು. ಗೋಷ್ಠ ಸಂದೇಶ್ ಮಿಠಾಯಿಯ ಪೊಟ್ಟಣ ಕಟ್ಟುತ್ತ ಊರ ಸುದ್ದಿ ತೆಗೆದ: "ಮೊನ್ನೆ ಆಪರೇಷನ್ ಮಾಡಿದಾಗ ನನ್ನ ಭಾವಮೈದನ ಪಿತ್ತಕೋಶದಲ್ಲಿ ಹನ್ನೊಂದು ಕಲ್ಲು ಸಿಕ್ವು ದಾದಾ! ಇಡೀ ಶಾಂತಿಪುರದಲ್ಲೇ ಅವನನ್ನ ಮೀರಿಸೋರಿಲ್ಲ."

ಹನ್ನೊಂದು! ನಾನೂ ಮನುಷ್ಯನೇ ತಾನೇ? ನನ್ನ ಕಲ್ಲುಗಳನ್ನು ಹಾಕಿ ಆಸ್ಪತ್ರೆಯವರು ಕೊಟ್ಟ ಬಾಟಲಿ ಜೇಬಿನಲ್ಲೇ ಇತ್ತು. ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟೆ. "ಎಣಿಸಿ ನೋಡಯ್ಯಾ. ಹದಿನೇಳು!" ಅಂಗಡಿಯಲ್ಲಿದ್ದವರೆಲ್ಲ ಮುತ್ತಿಕೊಂಡರು. ಮದುವೆಯ ದಿನವೂ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ನನ್ನ ಕೈಗೆ ಅರಿಶಿನದ ದಾರ ಕಟ್ಟಿ, ತಟ್ಟೆಯ ಸುತ್ತ ಒಂಬತ್ತು ಕಂಚಿನ ಬಟ್ಟಲು ಇಟ್ಟರು. ಬಗ್ಗಿ ನೋಡಿದೆ. ಬಾಳೆಕಾಯಿ ನೀರುಸಾರು, ಪಪ್ಪಾಯಿಕಾಯಿ ನೀರುಸಾರು, ಸೋರೆಕಾಯಿ ನೀರುಸಾರು... ಒಂಬತ್ತರಲ್ಲೂ ತಳ ಕಾಣುತ್ತಿತ್ತು.

"ಮಾ, ಮಟನ್ನು?"

"ಗೋಷ್ಠನ ಮನೆಗೆ ಕಳಿಸ್ದೆ. ಪಾಪ, ರಾತ್ರಿ ಅಂಗಡಿ ಮುಚ್ಚಿದವನೇ ಓಡಿ ಬಂದು ಹೇಳಿದ. ಹದಿನೇಳಂತೆ." ಬೀಸಣಿಗೆ ನಿಂತಿತು. ಅತ್ತೆಯ ಕಣ್ಣು ತುಂಬಿತ್ತು. "ಇಪ್ಪತ್ತಾರು ವರ್ಷ ಎಣ್ಣೆ ತುಪ್ಪ ಸುರಿದು ಬಡಿಸಿದವಳು ನಾನು. ಆ ಕಲ್ಲೆಲ್ಲ ನನ್ನ ಕೈಯಡುಗೆಯವೇ ಅಲ್ವೇನಪ್ಪಾ?"

ಅಯ್ಯೋ, ರಾತ್ರಿಯಿಡೀ ಈ ಜೀವ ಇದನ್ನೇ ಯೋಚಿಸಿಕೊಂಡು ಬೇಯುತ್ತಿತ್ತೇ? ನಾನು ಮಟನ್ನಿನ ಕನಸು ಕಾಣುತ್ತ ಗೊರಕೆ ಹೊಡೆದಿದ್ದೆನಲ್ಲ! ನಾಚಿಕೆಯಾಯಿತು.

"ಛೆ ಛೆ, ಅವು ಆಫೀಸು ಕ್ಯಾಂಟೀನಿನ ಕಲ್ಲು ಮಾ" ಎಂದು ಮೊದಲ ಬಟ್ಟಲು ಎತ್ತಿ ಗಟಗಟ ಕುಡಿದೆ. "ಆಹಾ! ನಿಮ್ಮ ಬಾಳೆಕಾಯಿ ಸಾರು ಇಷ್ಟು ರುಚಿ ಅಂತ ಗೊತ್ತಿದ್ರೆ ಆ ಚೀಲಾನ ಯಾವತ್ತೋ ತೆಗೆಸಿಬಿಡ್ತಿದ್ದೆ. ಇನ್ನೊಂದು ಬಟ್ಟಲು ಹಾಕಿ!"

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಬೀಸಣಿಗೆ ಮತ್ತೆ ಬೀಸತೊಡಗಿತು. "ನಿಜವಾಗ್ಲೂ ಹಿಡಿಸ್ತಾ? ಹಾಗಾದ್ರೆ ರಜ ಮುಗಿಯೋವರೆಗೂ ಇಲ್ಲೇ ಇರು. ದಿನಾ ಮಾಡಿಹಾಕ್ತೀನಿ."

ಸುತಪಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಇಂದಿಗೆ ಹನ್ನೊಂದನೆಯ ದಿನ. ಗೋಷ್ಠ ದಾರಿಯಲ್ಲಿ ಸಿಕ್ಕಾಗಲೆಲ್ಲ ಮಟನ್ನನ್ನು ಹೊಗಳುತ್ತಾನೆ. ಇಗೋ, ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದಾರೆ: "ಅಪ್ಪಾ, ಇವತ್ತೂ ಎರಡು ಬಟ್ಟಲು ಹಾಕ್ಲಾ?"

"ಮೂರು ಹಾಕಿ, ಮಾ!"