ಕೌಜುಗದ ಕಾಲಿಗೆ ಗಂಜಿ

“ಹಕ್ಕೀ, ನಿನ್ನ ಕಾಲು ಹಿಡದವರಿಗೆ ಹೇಳು. ಇದು ಮಗ್ಗದ ಲಾಳಿ ಅಲ್ಲ, ಜೀವದ ಕಾಲು. ಸಾವಕಾಶ ಹಿಡೀರಿ ಅಂತ ಹೇಳು.”

ಹೀಗೆಂದವಳು ನನ್ನ ಹೆಂಡತಿ ಶಾಂತವ್ವ. ಕಾಲು ಹಿಡಿದವನು ನಾನು. ನಮ್ಮಿಬ್ಬರ ನಡುವೆ ಅವಳ ಸೆರಗಿನಲ್ಲಿ ಸುತ್ತಿಸಿಕೊಂಡು ಕೂತದ್ದು ಅವಳ ಕೌಜುಗ. ಅದರ ಎಡಗಾಲು ಮುರಿದು ಜೋತುಬಿದ್ದಿತ್ತು. ಮಗ್ಗದ ಹಳೆಯ ಹಣಿಗೆಯಿಂದ ಎರಡು ಬಿದಿರು ಕಡ್ಡಿ ಕಿತ್ತು, ಆ ಕಾಲಿನ ಎರಡೂ ಮಗ್ಗುಲಿಗೆ ಇಟ್ಟು, ನೂಲು ಸುತ್ತಬೇಕೆಂದು ನಾನು ಒದ್ದಾಡುತ್ತಿದ್ದೆ. ಹಕ್ಕಿ ಒದರುತ್ತಿತ್ತು. ನಾನೂ ಹಕ್ಕಿಗೇ ಹೇಳಿದೆ: “ಹಕ್ಕೀ, ನಿನ್ನ ತೊಡಿಮ್ಯಾಲೆ ಹಾಕ್ಕೊಂಡವರಿಗೂ ಹೇಳು. ಹಿಂಗ ಅಳ್ಳಾಡಿಸಿದರ ನಾ ಗಂಟು ಹೆಂಗ ಹಾಕಲಿ?”

ಹಕ್ಕಿ ಅವಳಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನ್ನ ಹೆಬ್ಬೆರಳು ಕುಕ್ಕಿತು.

“ಅದರ ಕೂಡ ಎಂಥಾ ಮಾತಲೇ! ಲಗೂನ ಕಟ್ಟು,” ಎಂದು ಹಿಂದಿನಿಂದ ಅವ್ವ ಗದರಿದಳು.

ಓದುವವರಿಗೆ ನಮ್ಮ ತಲೆ ಕೆಟ್ಟಿದೆ ಎನ್ನಿಸಬಹುದು. ಕೆಟ್ಟಿರಲಿಲ್ಲ, ಮದುವೆಯಾಗಿತ್ತು ಅಷ್ಟೆ. ನಮ್ಮ ಕಡೆ ಹೊಸ ಸೊಸೆ ಹಿರಿಯರ ಮುಂದೆ ಗಂಡನ ಜೊತೆ ಮಾತಾಡುವಂತಿಲ್ಲ. ಗಂಡನೂ ಅವಳ ಹೆಸರು ಹಿಡಿದು ಕರೆಯುವಂತಿಲ್ಲ. ಹಿರಿಯರು ಇಲ್ಲದ ಕಡೆ ಮಾತಾಡಿಕೊಳ್ಳಿ ಎಂದು ನೀವು ಹೇಳಬಹುದು. ರಬಕವಿಯ ನೇಕಾರನ ಮನೆ ನೀವು ನೋಡಿಲ್ಲ. ನಮ್ಮ ಮನೆ ಎಂದರೆ ಉದ್ದಕ್ಕೆ ಒಂದೇ ಪಡಸಾಲೆ. ಈ ತುದಿಗೆ ನನ್ನ ಮಗ್ಗ, ಆ ತುದಿಗೆ ಒಲೆ, ನಟ್ಟನಡುವೆ ರಾಟಿ ತಿರುವುತ್ತ ನಮ್ಮ ಅವ್ವ. ಅವಳ ಕಣ್ಣು ಈಗೀಗ ಮಂದವಾಗಿದೆ, ಕಿವಿ ಮಾತ್ರ ಮೊದಲಿಗಿಂತ ಚುರುಕು. ಅಪ್ಪ ತೀರಿಕೊಂಡ ಮೇಲೆ ಅವನ ಪಾಲಿನ ಕಿವಿಯನ್ನೂ ಇವಳೇ ಇಟ್ಟುಕೊಂಡಳೋ ಏನೋ.

ಅದಕ್ಕೆ ಶಾಂತವ್ವ ಮುಧೋಳದಿಂದ ಬರುವಾಗ ತನ್ನ ಜೊತೆ ಈ ಕೌಜುಗ ತಂದದ್ದು ನನಗೆ ಅನುಕೂಲವೇ ಆಯಿತು. ಅವಳ ಅಣ್ಣ ಭೀಮಪ್ಪ ಹೊಲದಲ್ಲಿ ಮರಿ ಹಿಡಿದು ತಂದು ಕೊಟ್ಟದ್ದು. ಕೋಳಿಗಿಂತ ಸಣ್ಣದು, ಮಣ್ಣಿನ ಬಣ್ಣ, ಮೈತುಂಬ ಗೆರೆ. ಬೆಳಕು ಹರಿಯುವ ಮೊದಲೇ ಓಣಿಗೆ ಓಣಿಯೇ ಎದ್ದು ಕೂರುವ ಹಾಗೆ ಕೂಗುತ್ತದೆ. ಪಂಜರದಲ್ಲಿ ಇರುವುದಕ್ಕಿಂತ ಅವಳ ಹಿಂದೆ ನಾಯಿಯ ಹಾಗೆ ಓಡಾಡುವುದೇ ಹೆಚ್ಚು. ಗಿಳಿಯ ಹಾಗೆ ಅದಕ್ಕೆ ಮಾತು ಬರುವುದಿಲ್ಲ. ಬಂದಿದ್ದರೆ ನಮ್ಮ ಮನೆ ಉಳಿಯುತ್ತಿರಲಿಲ್ಲ.

“ಹಕ್ಕೀ, ರೊಟ್ಟಿ ಆರಾಕತ್ತಾವು,” ಎನ್ನುತ್ತಾಳೆ ಅವಳು ಒಲೆಯ ಮುಂದೆ ಕೂತು. “ಹಕ್ಕೀ, ಇನ್ನೊಂದು ಗೇಣು ನೇಯ್ದು ಬರತೇನಿ,” ಎನ್ನುತ್ತೇನೆ ನಾನು ಮಗ್ಗದಿಂದ. “ಹಕ್ಕೀ, ನಿನ್ನೆ ಸಂತಿಗೆ ಹೋದವರು ಬದನೀಕಾಯಿ ಅಂತ ಹುಳದ ಗೂಡು ತಂದಾರ,” ಎನ್ನುತ್ತಾಳೆ. “ಹಕ್ಕೀ, ತಿನ್ನವರಿಗೆ ತಿಳಿಯದ್ದು ನಿನಗ ಹೆಂಗ ತಿಳೀತು ಅಂತ ಕೇಳು,” ಎನ್ನುತ್ತೇನೆ. ಅವ್ವ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಆದರೆ ಮಾತು ಹಕ್ಕಿಗೆ ಆಡಿದ್ದಾದ್ದರಿಂದ ಮನೆಯ ಮರ್ಯಾದೆಗೆ ಏನೂ ಆಗುವುದಿಲ್ಲ. ಜಗಳವೂ ಹೀಗೆಯೇ ಆಗುತ್ತಿತ್ತು, ರಾಜಿಯೂ ಹೀಗೆಯೇ. ಹಕ್ಕಿ ನಡುವೆ ನಿಂತು ಕಾಳು ಹೆಕ್ಕುತ್ತಿತ್ತು.

ಅಂಥ ಹಕ್ಕಿಯ ಕಾಲನ್ನು ನಾನು ತುಳಿದೆ. ಬೇಕಂತ ತುಳಿಯಲಿಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಮಣೆ ತುಳಿಯಬೇಕು. ಆ ಕುಣಿಯಲ್ಲಿ ಜಿರಳೆ, ಜೀರುಂಡೆ, ಏನು ಬೇಕೋ ಎಲ್ಲ ಇರುತ್ತವೆ. ಕೌಜುಗ ಊಟಕ್ಕೆ ಇಳಿದಿತ್ತು. ನಾನು ಮಣೆ ತುಳಿದೆ. ಮುಂದಿನದು ಮೇಲೆ ಹೇಳಿದ್ದೇನೆ.

ಅವತ್ತು ಶಾಂತವ್ವ ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಹಕ್ಕಿಯ ತಲೆ ಸವರುತ್ತ ತಣ್ಣಗೆ ಹೇಳಿದಳು: “ಹಕ್ಕೀ, ಪಂಚಮಿಗೆ ಅಣ್ಣ ಕರಿಯಾಕ ಬರತಾನ. ನೀ ನೆಟ್ಟಗ ನಡದಿ ಅಂದ್ರ ಇಬ್ಬರೂ ಹಬ್ಬ ಮುಗಿಸಿ ತಿರುಗಿ ಬರೂಣು. ಕುಂಟಿದಿ ಅಂದ್ರ ಇಬ್ಬರೂ ಅಲ್ಲೇ ಇದ್ದುಬಿಡೂಣು. ಕಾಲು ಯಾವುದು ಮಣಿ ಯಾವುದು ಗೊತ್ತಾಗದ ಮನ್ಯಾಗ ಏನ್ ಇರೂದು?”

ಅವ್ವನ ರಾಟಿ ಒಂದು ಸಲ ತಡೆದು ಮತ್ತೆ ತಿರುಗಿತು.

ಕಡ್ಡಿ ಕಟ್ಟಿದೆ. ನೂಲು ಸುತ್ತಿದೆ. ನಮ್ಮ ಗಂಟು ಬಿಚ್ಚುವುದಿಲ್ಲ, ಆ ಮಾತು ಬೇರೆ. ಆದರೂ ಮನಸ್ಸು ಕೇಳಲಿಲ್ಲ. ನಾವು ನೇಕಾರರು ಗಂಜಿ ಕಾಣದ ನೂಲನ್ನು ನಂಬುವುದಿಲ್ಲ. ಮಗ್ಗಕ್ಕೆ ಹಾಸು ಹೂಡುವ ಮೊದಲು ಗಂಜಿ ಕುಡಿಸದಿದ್ದರೆ ಎಳೆ ಎಳೆಗೆ ಹರಿಯುತ್ತದೆ. ಸೀರೆಯ ನೂಲಿಗೆ ಬೇಕಾದದ್ದು ಕಾಲಿನ ನೂಲಿಗೂ ಬೇಕು ಎಂದು ಜೋಳದ ಹಿಟ್ಟಿನ ಗಂಜಿ ಕಾಸಿ, ಕುಂಚದಿಂದ ಕಾಲಿಗೆ ಗಟ್ಟಿಯಾಗಿ ಮೆತ್ತಿ, ಬಿಸಿಲಿಗೆ ಒಣಗಿಸಿದೆ. ಕಾಲು ಕಟ್ಟಿಗೆಯಾಯಿತು. ಅವ್ವ ಮುಟ್ಟಿ ನೋಡಿ, “ಛಲೋ ಆತು,” ಎಂದಳು. ಗಂಜಿ ಹಚ್ಚಿದ ನಾನೊಬ್ಬನೇ ಏನು, ಓಣಿಯ ನೇಕಾರರೆಲ್ಲ ಬಂದು ನೋಡಿ ತಲೆ ತೂಗಿದರು. ಕೌಜುಗ ಜೋಳ ತಿನ್ನುತ್ತದೆ ಎಂಬುದು ಒಬ್ಬನಿಗೂ ಹೊಳೆಯಲಿಲ್ಲ.

ಬೆಳಗ್ಗೆ ನೋಡಿದರೆ ಹಕ್ಕಿ ತನ್ನ ಕಾಲನ್ನು ತಾನೇ ಉಂಡು ಮುಗಿಸಿತ್ತು. ಗಂಜಿ ಇಲ್ಲ, ಕಡ್ಡಿ ಜಾರಿ ಪಾದಕ್ಕೆ ಬಂದಿದೆ, ಹೊಟ್ಟೆ ಗುಂಡಗಾಗಿದೆ. ಮತ್ತೆ ಕಟ್ಟಿದೆ. ಈ ಸಲ ಗಂಜಿಗೆ ಬೇವಿನ ರಸ ಹಾಕಿದೆ. ಅದನ್ನೂ ತಿಂದಿತು. ಬೇವು ಹಾಕಿದ್ದು ಅದಕ್ಕೆ ಇನ್ನೂ ರುಚಿಯಾಗಿರಬೇಕು, ಈ ಸಲ ಕಡ್ಡಿಯನ್ನೂ ಕಡಿದಿತ್ತು.

“ಹಕ್ಕೀ, ನಿನಗ ಔಷಧ ಮಾಡಾಕತ್ತಾರೋ ಊಟಕ್ಕ ಹಾಕಾಕತ್ತಾರೋ, ಒಂದು ಸಲ ಕೇಳಿ ತಿಳಕೊ,” ಎಂದಳು ಶಾಂತವ್ವ.

ಇನ್ನು ಡಾಕ್ಟರನೇ ಗತಿ. ಹಕ್ಕಿಗೆ ಡಾಕ್ಟರ ಎಲ್ಲಿಂದ ತರುವುದು? ಮನುಷ್ಯರಿಗೇ ಇಲ್ಲ. ಎತ್ತಿಗೆ ಬರೆ ಹಾಕುವವರಿದ್ದರು, ಅವರ ಕೈಗೆ ಹಕ್ಕಿ ಕೊಟ್ಟರೆ ಸುಟ್ಟು ಮಸಾಲೆ ಹಚ್ಚಿಯೇ ತಿರುಗಿ ಕೊಡುತ್ತಾರೆ. ಜಮಖಂಡಿಯಲ್ಲಿ ಒಬ್ಬ ಕುದುರೆ ಡಾಕ್ಟರ ಇದ್ದಾನೆ ಎಂದು ಯಾರೋ ಹೇಳಿದರು. ಮೊದಲು ಸಂಸ್ಥಾನದ ಕುದುರೆ ಲಾಯದಲ್ಲಿದ್ದು, ವಯಸ್ಸಾಯಿತೆಂದು ಬಿಟ್ಟು, ಪೇಟೆಯ ಹಿಂದೆ ಮನೆ ಮಾಡಿಕೊಂಡಿದ್ದ ಮುದುಕ. ಬುಟ್ಟಿಯಲ್ಲಿ ಹಕ್ಕಿ ಇಟ್ಟುಕೊಂಡು ಇದ್ದಲಿನ ಮೋಟಾರು ಹತ್ತಿದೆ. ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ, ಮೋಟಾರಿನ ಬೆನ್ನಿಗೆ ಇದ್ದಲು ಒಲೆ ಕಟ್ಟಿದ್ದರು. ದಿನ್ನೆ ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಎಲ್ಲರೂ ನೂಕಿದೆವು, ಕೌಜುಗ ಒಂದು ಒಳಗೆ ಕೂತು ಸವಾರಿ ಮಾಡಿತು.

ಮುದುಕ ಬುಟ್ಟಿಯೊಳಗೆ ನೋಡಿ, “ಯಾವ ಊರು?” ಎಂದ. ರಬಕವಿ ಎಂದೆ.

“ಅಂದ್ರ ಇದು ಸಾಂಗಲಿ ಸಂಸ್ಥಾನದ ಹಕ್ಕಿ.”

“ಹುಟ್ಟಿದ್ದು ಮುಧೋಳ ಸಂಸ್ಥಾನರೀ. ಮುರದದ್ದು ಸಾಂಗಲಿಯೊಳಗ. ಕಟ್ಟಸಾಕ ಜಮಖಂಡಿಗೆ ತಂದೀನಿ.”

“ಭಾರೀ ಹಕ್ಕಿ ಬಿಡೋ ಇದು! ಮೂರು ಸಂಸ್ಥಾನ ತಿರಿಗೈತಿ. ನಾ ಇನ್ನೂ ಮುಧೋಳ ನೋಡಿಲ್ಲ,” ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕ. ನನಗೆ ನಗುವಷ್ಟು ಪುರುಸೊತ್ತಿರಲಿಲ್ಲ. “ಕಾಲಿಗೆ ಏನ್ ಮಾಡತೀರಿ ಹೇಳ್ರಿ,” ಎಂದೆ.

“ಕುದುರಿ ಕಾಲು ಮುರದರ ನಾವು ಕಟ್ಟೂದಿಲ್ಲಪಾ. ಗುಂಡು ಹಾಕತೀವಿ.”

ನಾನು ಬುಟ್ಟಿ ಮುಚ್ಚಿ ಎದ್ದೆ. “ಏ, ಕೂಡ್ರಲೇ, ಇದು ಕುದುರಿ ಅಲ್ಲ, ನನಗೂ ಕಣ್ಣು ಅದಾವು,” ಎಂದು ಮುದುಕ ತೋಳು ಹಿಡಿದು ಕೂರಿಸಿದ. ಕಾಲನ್ನು ಎಳೆದು, ಹೊಸ ಕಡ್ಡಿ ಇಟ್ಟು, ಗಂಜಿಯಿಲ್ಲದೆ ಬಟ್ಟೆಯ ಪಟ್ಟಿ ಸುತ್ತಿದ. ಸ್ವಲ್ಪ ಸೊಟ್ಟಾದೀತು ಎಂದು ಮೊದಲೇ ಹೇಳಿದ. ಆಮೇಲೆ ಪಥ್ಯ ಹೇಳಿದ. ತಿನ್ನಲು ಗೆದ್ದಲು ಹಾಕಬೇಕು. ಬುಟ್ಟಿ ಮುಚ್ಚಿ ಕತ್ತಲಲ್ಲಿಡಬೇಕು. ಹಕ್ಕಿ ಎದ್ದು ಜಿಗಿಯಬಾರದು. “ಇದು ಯಾರ ಹಿಂದ ತಿರಗತೈತಿ?” ಎಂದು ಕೇಳಿದ.

“ಮನ್ಯಾಗಿನವರ ಹಿಂದರೀ.”

“ಹಂಗಾದ್ರ ಅಕಿ ದನಿ ಇದರ ಕಿವಿಗೆ ಬೀಳಬಾರದು. ಕೇಳಿದರ ಜಿಗೀತೈತಿ, ಜಿಗದರ ಮುರೀತೈತಿ. ಮಗ್ಗದ ಸಪ್ಪಳ ನಡೀತೈತಿ, ಅಕಿ ಮಾತು ನಡ್ಯಾಂಗಿಲ್ಲ.”

ಮನೆಗೆ ಬಂದು ಇದನ್ನು ಅವ್ವನಿಗೆ ಹೇಳಿದೆ. ಅವ್ವನಿಗೆ ಹಿಡಿಸಲಾರದ ಸಂತೋಷ. “ಶ್ಯಾಣ್ಯಾ ಡಾಕ್ಟರ ಅದಾನ. ಅಂವನ್ನ ಓಣಿಗೆ ಒಂದು ಸಲ ಕರಕೊಂಡು ಬಾ,” ಎಂದಳು.

ನಮ್ಮದು ಒಂದೇ ಪಡಸಾಲೆ ಎಂದು ಹೇಳಿದ್ದೇನೆ. ಹಕ್ಕಿಯ ಕಿವಿಗೆ ಬೀಳಬಾರದೆಂದರೆ ಶಾಂತವ್ವ ಮನೆಯಲ್ಲಿ ಎಲ್ಲೂ ಮಾತಾಡುವಂತಿಲ್ಲ. ಅವಳು ಬಾಯಿ ಮುಚ್ಚಿದಳು. ಹಕ್ಕಿ ಬುಟ್ಟಿಯೊಳಗೆ ಹೋದದ್ದರಿಂದ ನಾನು ಮಾತಾಡಲೂ ಎದುರಿಗೆ ಯಾರೂ ಇಲ್ಲದಂತಾಯಿತು. ಮುಚ್ಚಿದ ಬುಟ್ಟಿಗೆ ಹೇಳೋಣವೆಂದರೆ ಹಕ್ಕಿ ಒಳಗೆ ಗಡಬಡಿಸುತ್ತಿತ್ತು. ಸಾರಿಗೆ ಉಪ್ಪು ಇಲ್ಲದಿದ್ದರೆ ಇಲ್ಲ ಎಂದು ಹೇಳಲು ದಾರಿಯಿಲ್ಲ, ಸುಮ್ಮನೆ ಉಂಡೆ. ಚೆನ್ನಾಗಿ ಉಂಡೆನೆಂದು ತಿಳಿದು ಅವಳು ಮರುದಿನವೂ ಹಾಗೆಯೇ ಮಾಡಿದಳು. ಅವಳ ಮನಸ್ಸಿನಲ್ಲಿ ಏನಿದೆಯೋ ತಿಳಿಯಲಿಲ್ಲ. ಸಿಟ್ಟು ಇಳಿಯಿತೋ, ಏರಿತೋ? ಪಂಚಮಿಗೆ ಹೋದವಳು ಬರುತ್ತಾಳೋ, ಇಲ್ಲವೋ? ಒಂದು ದಿನ ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು. ಅದಕ್ಕೆ ಏನರ್ಥ ಎಂದು ಇಡೀ ದಿನ ಯೋಚಿಸಿ, ಸೀರೆಯ ಅಂಚಿನಲ್ಲಿ ಎಳೆ ತಪ್ಪಿಸಿದೆ.

ಮಾತಿಲ್ಲದಿದ್ದರೆ ಕೆಲಸವಾದರೂ ಮಾಡೋಣವೆಂದು ಗೆದ್ದಲಿಗೆ ಹೊರಟೆ. ಗೆದ್ದಲು ಎಲ್ಲಿರುತ್ತದೆ? ಹುತ್ತದಲ್ಲಿ. ಹತ್ತಿರದ ಹುತ್ತ ಯಾವುದು? ನಮ್ಮ ಹಿತ್ತಲ ಆಚೆಯದು. ಗುದ್ದಲಿಯಿಂದ ಒಂದು ಮೂಲೆ ಮುರಿದು, ಹೆಂಟೆ ಸಮೇತ ತಂದು ಬುಟ್ಟಿಯ ಪಕ್ಕ ಇಟ್ಟೆ. ಹಕ್ಕಿ ಹೊಟ್ಟೆಬಿರಿಯೆ ತಿಂದಿತು. ದಿನಾ ಒಂದೊಂದು ಮೂಲೆ ತಂದೆ. ಪಂಚಮಿಗೆ ಓಣಿಯ ಹೆಂಗಸರೆಲ್ಲ ನಾಗಪ್ಪನಿಗೆ ಹಾಲೆರೆಯುವ ಹುತ್ತ ಅದೇ ಎಂಬುದು ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ತಲೆಯಲ್ಲಿ ಹಕ್ಕಿಯೇ ತುಂಬಿತ್ತು.

ಅವ್ವ ಹುತ್ತದ ಸುತ್ತ ಸಾರಿಸಿ ಬರಲು ಹೋದವಳು ಬರಿಗೈ ಬೀಸುತ್ತ ಓಡಿಬಂದಳು. “ಬೇ, ನಾಗಪ್ಪನ ಮನೀನ ಕಡದಾರ ಬೇ! ಯಾರದಿದು ಕೆಲಸ? ಅವರ ಮನಿ ಹಾಳಾಗ!” ಎಂದು ಓಣಿಗೆಲ್ಲ ಕೇಳುವಂತೆ ಶಪಿಸಿದಳು. ಶಪಿಸುತ್ತ ಒಳಗೆ ಬಂದರೆ ಬುಟ್ಟಿಯ ಪಕ್ಕ ನಾಗಪ್ಪನ ಮನೆಯ ತುಂಡು ಕೂತಿದೆ. ಹಕ್ಕಿ ತಿನ್ನದೆ ಬಿಟ್ಟ ಗೆದ್ದಲು ಸಾಲುಗಟ್ಟಿ ಮಗ್ಗದ ಕಂಬ ಹತ್ತುತ್ತಿವೆ. ನೇಕಾರನ ಮನೆಗೆ ಗೆದ್ದಲನ್ನು ಬುಟ್ಟಿಯಲ್ಲಿ ಹೊತ್ತು ತಂದವನು ನಾನೊಬ್ಬನೇ ಇರಬೇಕು. ಅವ್ವ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಮುಂದುವರಿಸಬೇಕೋ ತಿಳಿಯದೆ ಕಂಬಕ್ಕೆ ಸೀಮೆಎಣ್ಣೆ ಸುರಿದಳು. ಶಾಂತವ್ವ ಒಲೆಯ ಕಡೆ ಮುಖ ಮಾಡಿಕೊಂಡಿದ್ದಳು. ಬೆನ್ನು ಅಲುಗಾಡುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕೇಳಲು ಹಕ್ಕಿಯಿಲ್ಲ.

ಅಷ್ಟರಲ್ಲಿ ಭೀಮಪ್ಪ ಚಕ್ಕಡಿ ಹೂಡಿಕೊಂಡು ಬಂದ. ಬಂದವನು ನೀರು ಕುಡಿಯುವ ಮೊದಲು ಬುಟ್ಟಿ ಬಿಚ್ಚಿ ಹಕ್ಕಿಯನ್ನು ನೆಲಕ್ಕೆ ಬಿಟ್ಟ. ಪಟ್ಟಿಯನ್ನು ಅವತ್ತು ಬೆಳಗ್ಗೆಯಷ್ಟೇ ತೆಗೆದಿದ್ದೆ. ಕೌಜುಗ ನಾಲ್ಕು ಹೆಜ್ಜೆ ಹಾಕಿತು. ಸಂತೆಯಲ್ಲಿ ಕುಡಿದು ಮನೆಗೆ ಹೊರಟವನ ಹಾಗೆ ಎಡಕ್ಕೆ ವಾಲಿ, ಸಾವರಿಸಿಕೊಂಡು, ಮತ್ತೆ ಎಡಕ್ಕೆ ವಾಲಿತು.

“ಕುಂಟಾಕತ್ತೈತಲ್ಲೋ ಇದು,” ಎಂದ ಭೀಮಪ್ಪ.

ಶಾಂತವ್ವ ಗಂಟು ಕಟ್ಟಿದಳು. ಬೇಕಾದ್ದಕ್ಕಿಂತ ದೊಡ್ಡ ಗಂಟು ಎನ್ನಿಸಿತು ನನಗೆ. ಭೀಮಪ್ಪ ಬುಟ್ಟಿ ಒಯ್ದು ಚಕ್ಕಡಿಯಲ್ಲಿಟ್ಟ. ಅವಳು ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಾಗಿಲ ಕಡೆ ನಡೆದಳು. ನಾನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದೆ. ಹೇಳಬೇಕೆಂದರೆ ಹಕ್ಕಿ ಹೊರಗಿದೆ. ಹೇಳದಿದ್ದರೆ ಅವಳು ಹೋಗುತ್ತಾಳೆ.

“ಶಾಂತಾ, ತಿರುಗಿ ಬಾ,” ಎಂದೆ.

ಅವ್ವನ ರಾಟಿ ನಿಂತಿತು. ಭೀಮಪ್ಪ ಎತ್ತಿನ ಕೋಡು ನೋಡತೊಡಗಿದ. ಪಕ್ಕದ ಮನೆಯ ಮಗ್ಗವೂ ನಿಂತ ಹಾಗೆ ನನಗೆ ಕೇಳಿಸಿತು, ಸುಳ್ಳೇ ಇರಬಹುದು. ಶಾಂತವ್ವ ತಿರುಗಿ, ನೆಟ್ಟಗೆ ನನ್ನ ಮುಖ ನೋಡಿದಳು. ಎಲ್ಲರ ಎದುರು.

“ಇಷ್ಟು ಅನ್ನಾಕ ಇಷ್ಟು ದಿನ ಏನ್ ಆಗಿತ್ತರೀ ನಿಮಗ?” ಎಂದಳು. ಹೊರಗೆ ಹೋಗಿ ಬುಟ್ಟಿ ಇಳಿಸಿ ತಂದು ನನ್ನ ಮುಂದೆ ಕುಕ್ಕಿದಳು. “ಇದು ಇಲ್ಲೇ ಇರಲಿ. ಗೆದ್ದಲು ಮನಿ ಹೊರಗ ತಿನ್ನಸರಿ. ನಾಗಪ್ಪನ ಹುತ್ತಕ್ಕ ಕೈ ಹಚ್ಚಬ್ಯಾಡ್ರಿ. ಕುಣಿಯೊಳಗ ಇಳಿಯೂ ಮುಂದ ಬಗ್ಗಿ ನೋಡ್ರಿ. ನಾ ಹಬ್ಬ ಮುಗಿಸಿ ಬರತೇನಿ.”

ಬಂದಳು. ಅವ್ವ ಮಾತ್ರ ಇಬ್ಬರ ಮೇಲೂ ಸಿಟ್ಟು ಮಾಡಿಕೊಂಡು, ತನಗೆ ಬೇಕಾದ್ದನ್ನೆಲ್ಲ ಈಗ ಕೌಜುಗಕ್ಕೆ ಹೇಳುತ್ತಾಳೆ. ಶಾಂತವ್ವ ನನ್ನ ಜೊತೆ ನೇರ ಮಾತಾಡುತ್ತಾಳೆ. ಬದನೆಕಾಯಿ ಹುಳುಕಾದರೆ, ಅಂಚು ಸೊಟ್ಟಾದರೆ, ಕಾಲು ತೊಳೆಯದೆ ಒಳಗೆ ಬಂದರೆ, ಎಲ್ಲ ನೇರ. ಮೊದಲು ಬೈಗುಳ ಹಕ್ಕಿಯ ಮೇಲೆ ಬಿದ್ದು, ಅಲ್ಲಿ ಸ್ವಲ್ಪ ಸವೆದು, ಉಳಿದದ್ದು ನನಗೆ ಬರುತ್ತಿತ್ತು. ಈಗ ಇಡಿಯಾಗಿ ಬರುತ್ತದೆ. ಬಾ ಎಂದು ಕರೆದವನು ನಾನೇ, ಯಾರಿಗೆ ಹೇಳಲಿ? ಮತ್ತೆ ಹೇಳುವುದು ಏನೂ ಇಲ್ಲ.