ಅಕ್ಕನ ಕೊಳಲು, ನನ್ನ ಅಚ್ಚುಕಟ್ಟು

ಸಂಗೀತ ಗೊತ್ತಿಲ್ಲದಿರುವುದನ್ನು ನಾನು ಎಂದೂ ದೊಡ್ಡ ಕೊರತೆಯೆಂದು ಎಣಿಸಿದವನಲ್ಲ. ಈಜು ಬಾರದವರೂ ಕೆರೆಯ ದಂಡೆಯ ಮೇಲೆ ಸುಖವಾಗಿಯೇ ಕೂತಿರುತ್ತಾರೆ. ಪೇಚು ಬರುವುದು ಮನೆಯಲ್ಲೇ ಒಬ್ಬರು ಭಾರಿ ಈಜುಗಾರರಿದ್ದಾಗ. ನಮ್ಮ ಮನೆಯಲ್ಲಿ ಅಂಥವಳು ನಮ್ಮ ಸುಶೀಲಕ್ಕ. ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಕೊಳಲು. ಬರೀ ನುಡಿಸುವವಳಲ್ಲ, ಶಾಸ್ತ್ರೀಯ ಸಂಗೀತದಲ್ಲಿ ಹೊಸ ರಚನೆಗಳನ್ನು ಕಟ್ಟುವವಳು. ಅವಳು ಕೊಳಲು ಹಿಡಿದ ಹೊಸದರಲ್ಲಿ ಪಕ್ಕದ ಮನೆಯ ಕಾಶಮ್ಮನವರು, "ಹೆಣ್ಮಕ್ಕಳು ಕೊಳಲು ಊದಿದ್ರ ತುಟಿ ಸೊಟ್ಟ ಆಗ್ತಾವ ನೋಡವ್ವಾ" ಎಂದು ನಮ್ಮ ಅವ್ವನನ್ನು ಹೆದರಿಸಿದ್ದರು. ನಾನು ಆಗ ಚಿಕ್ಕವ. ವರ್ಷಗಟ್ಟಲೆ ಅಕ್ಕನ ತುಟಿಯನ್ನೇ ಪರೀಕ್ಷೆ ಮಾಡುತ್ತಿದ್ದೆ. ಸೊಟ್ಟಾಗಲಿಲ್ಲ. ಅಕ್ಕನ ಹೆಸರು ಸುತ್ತಲೂ ಹಬ್ಬಿದ ಮೇಲೆ ಸೊಟ್ಟಾದದ್ದು ಕಾಶಮ್ಮನವರ ಮುಖ.

ನನಗೆ ಬಸವಕಲ್ಯಾಣದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ನನ್ನ ಅಕ್ಷರಗಳು ಮುತ್ತಿನಂಥವು. ಇದು ನನ್ನ ಮಾತಲ್ಲ, ಸಾಹೇಬರ ಮಾತು. ಕಡತದಲ್ಲಿ ಬೇರೇನೂ ಮೆಚ್ಚುವಂಥದ್ದು ಇಲ್ಲದಾಗ ಅವರು ಹಾಗೆನ್ನುತ್ತಿದ್ದರು. ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಬಸವಕಲ್ಯಾಣದ ಶಾಲೆಯೊಂದರ ಸಭಾಂಗಣದಲ್ಲಿ ಅಕ್ಕನದೇ ಒಂದು ರಚನೆಯನ್ನು ನುಡಿಸುವುದೆಂದು ಗೊತ್ತಾಯಿತು. ಹಾರ್ಮೋನಿಯಂ, ಪಿಟೀಲು, ಸಿತಾರು, ತಬಲಾ, ಮುಂದೆ ಅಕ್ಕನ ಕೊಳಲು. ಹೈದರಾಬಾದಿನಿಂದ ಹಿರಿಯ ಸಿತಾರು ವಾದಕರಾದ ಖಾನ್‌ಸಾಹೇಬರು ಅತಿಥಿಯಾಗಿ ಬರುವವರಿದ್ದರು. ಹಿಂದೊಮ್ಮೆ ಅವರೇ ಅಕ್ಕನ ಕೊಳಲು ಕೇಳಿ, "ನುಡಿಸೋದು ಬ್ಯಾರೆ ಬೇಟಿ, ಕಟ್ಟೋದು ಬ್ಯಾರೆ" ಎಂದು ನಕ್ಕಿದ್ದರು. ಆ ನಗು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತ್ತು.

ಅಕ್ಕ ಸ್ವರಗಳನ್ನು ಬರೆದ ಹಾಳೆಯನ್ನು ನನಗೆ ಕಳಿಸಿ, ನಕಲು ಮಾಡಿ ವಾದಕರಿಗೆ ಮುಟ್ಟಿಸು ಎಂದಳು. ನೋಡಿದೆ. ಸ, ರಿ, ಗ, ಮ ಎಲ್ಲ ಸರಿ; ಆದರೆ ಎಷ್ಟೋ ಅಕ್ಷರಗಳ ಅಡಿಯಲ್ಲಿ ಒಂದೊಂದು ಗೆರೆ. ಕಚೇರಿಯಲ್ಲಿ ನಾವು ಗೆರೆ ಎಳೆಯುವುದು ಮಹತ್ವದ ಮಾತಿನ ಅಡಿಯಲ್ಲಿ. ಒಂದೇ ಹಾಳೆಯಲ್ಲಿ ಇಷ್ಟೊಂದು ಮಹತ್ವದ ಮಾತುಗಳು ಇರಲು ಸಾಧ್ಯವೆ? ಉತ್ಸಾಹಕ್ಕೆ ಎಳೆದಿದ್ದಾಳೆ, ಪಾಪ, ಎಂದುಕೊಂಡು ಒಂದು ಗೆರೆಯನ್ನೂ ಉಳಿಸದೆ ಅಚ್ಚುಕಟ್ಟಾಗಿ ನಕಲು ಮಾಡಿ ಹಂಚಿದೆ. ಹಾಗೆ ಗೆರೆ ಹಾಕಿದ ಸ್ವರ ಕೋಮಲವೆಂದೂ, ಅದನ್ನು ಒಂದು ಮೆಟ್ಟಿಲು ಇಳಿಸಿ ನುಡಿಸಬೇಕೆಂದೂ ಯಾವ ಸುತ್ತೋಲೆಯಲ್ಲೂ ನಮಗೆ ತಿಳಿಸಿರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಬಂದು ತಾಲೀಮು ಮಾಡಿಸಬೇಕಿದ್ದ ಅಕ್ಕನ ಬಸ್ಸು ದಾರಿಯಲ್ಲಿ ರಾಜೇಶ್ವರದ ಹತ್ತಿರ ಕೆಟ್ಟು ನಿಂತಿತು. ವಾದಕರು ಅವಳಿಗೆ ಕಾಯದೆ ನನ್ನ ಹಾಳೆ ಇಟ್ಟುಕೊಂಡು ದಿನವಿಡೀ ಕೈ ಪಳಗಿಸಿಕೊಂಡರು. ನಾನು ಬಾಗಿಲಲ್ಲಿ ಕೂತು ತಲೆದೂಗಿದೆ. ಸಂಜೆ ಅಕ್ಕ ಮೈತುಂಬ ಧೂಳು ಹೊತ್ತು, ಕೈಯಲ್ಲಿ ಕೊಳಲಿನ ಚೀಲ ಹಿಡಿದು ಒಳಗೆ ಬಂದವಳು ನಿಂತಲ್ಲೇ ನಿಂತಳು.

"ಏ ತಮ್ಮಾ, ಇವರು ಏನು ನುಡಸಾಕತ್ತಾರೋ?"

"ನಿಂದೇ ಅಲ್ಲೇನಕ್ಕಾ."

ಅಕ್ಕ ಹಾರ್ಮೋನಿಯಂ ಮಾಸ್ತರರ ಮುಂದಿನ ಹಾಳೆ ಎತ್ತಿಕೊಂಡಳು. "ಗೆರಿ ಎಲ್ಲಿ ಹೋದವೋ?"

"ಭಾಳ ಇದ್ದವು. ಸಾಫ್ ಮಾಡಿ ಬರದೀನಿ" ಎಂದೆ, ಶಾಭಾಸ್‌ಗಿರಿ ಸಿಗುವುದೆಂಬ ನಂಬಿಕೆಯಲ್ಲಿ.

ಮಾಸ್ತರರು ಬೆವರೊರೆಸಿಕೊಂಡರು. "ಅಕ್ಕೋರ, ಈಗ ಬದಲಾಯಿಸೂದು ಹ್ಯಾಂಗ್ರಿ? ಕೈ ಇದಕ್ಕೇ ಕುಂತುಬಿಟ್ಟಾವ. ಮಂದಿ ಬರಾಕತ್ತಾರ." ಖಾನ್‌ಸಾಹೇಬರು ಆಗಲೇ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಪ್ಪು ಹಲಗೆಯ ಮುಂದೆ ನಿಂತಾಗ ಮಾಡುವಂತೆ ಕಣ್ಣು ಕಿರಿದು ಮಾಡಿ ಹಾಳೆಯನ್ನೇ ನೋಡಿದಳು. ಆಮೇಲೆ, "ನೀವು ಹಿಂಗೇ ನುಡಸ್ರಿ ಮಾಸ್ತರ. ಒಂದೊಂದು ಸಾಲು ಮುಗದ ಮ್ಯಾಲೆ ತಬಲಾ ಒಂದು ಬಿಟ್ಟು ಎಲ್ಲಾರೂ ಸುಮ್ಮಗಾಗ್ರಿ. ಆ ಜಾಗ ನಂದು" ಎಂದಳು.

ಹಾಗೇ ನಡೆಯಿತು. ಅವರೆಲ್ಲ ಕೂಡಿ ಒಂದು ಸಾಲು ನುಡಿಸಿ ನಿಲ್ಲಿಸುವರು. ಅದೇ ಸಾಲನ್ನು ಅಕ್ಕನ ಕೊಳಲು ಕೋಮಲ ಸ್ವರಗಳಲ್ಲಿ ತಿರುಗಿ ಹೇಳುವುದು. ಮಾಸ್ತರರು ಆಮೇಲೆ ವಿವರಿಸಿದ್ದು ಹೀಗೆ: ಅವರದು ನಡುಮಧ್ಯಾಹ್ನದ ಬಿಸಿಲು, ಅಕ್ಕನದು ಅದೇ ಅಂಗಳಕ್ಕೆ ಇಳಿದ ಸಂಜೆ. ನನಗೆ ಬಿಸಿಲೂ ತಿಳಿಯಲಿಲ್ಲ, ಸಂಜೆಯೂ ತಿಳಿಯಲಿಲ್ಲ. ಸಭೆ ಕೆಮ್ಮುವುದನ್ನು ಮರೆತದ್ದು ಮಾತ್ರ ತಿಳಿಯಿತು. ಮಂಠಾಳದಿಂದ ಬಂದಿದ್ದ ಕಾಳಿನ ವ್ಯಾಪಾರಿಯೊಬ್ಬರು ಬಾಯಿಗೆ ಒಯ್ದ ವೀಳ್ಯದೆಲೆಯನ್ನು ಹಾಗೇ ಹಿಡಿದು ಕೂತಿದ್ದರು.

ಮುಗಿದ ಮೇಲೆ ಖಾನ್‌ಸಾಹೇಬರು ಎದ್ದು ವೇದಿಕೆಯ ಹತ್ತಿರ ಬಂದರು. ಈ ಸಲ ನಗಲಿಲ್ಲ. "ಬೇಟಿ, ಹಿಂಗ ಕಟ್ಟೋದು ಯಾರು ಕಲಿಸ್ಯಾರ?"

"ಯಾರೂ ಕಲಿಸಿಲ್ರಿ. ನಮ್ಮ ತಮ್ಮ ಒಂದು ಲೆಕ್ಕ ತಪ್ಪು ಬರದಿದ್ದ, ನಾ ಬಿಡಿಸೀನಿ."

ಖಾನ್‌ಸಾಹೇಬರು ನನ್ನ ಬೆನ್ನು ತಟ್ಟಿದರು. ಯಾವ ಲೆಕ್ಕವೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಅಕ್ಕ ಆ ರಚನೆಯನ್ನು ಮುಂದೆಯೂ ಹಾಗೇ ಇಟ್ಟುಕೊಂಡಳು. ಸೊಲ್ಲಾಪುರದಲ್ಲಿ ನುಡಿಸಿದಳು, ಪುಣೆಯಲ್ಲಿ ನುಡಿಸಿದಳು. ಹೋದಲ್ಲೆಲ್ಲ "ಹುಮನಾಬಾದಿನ ಅಕ್ಕೋರ ಕೊಳಲು" ಎಂದು ಮಂದಿ ಕೂಡುವಾಗ ನನ್ನ ಅಂಗಿ ಎದೆಯ ಹತ್ತಿರ ಬಿಗಿಯಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಅದು ರೇಡಿಯೋದಲ್ಲೂ ಬಂತು. ಅಂದು ಕಚೇರಿಯ ಮಂದಿಯನ್ನೆಲ್ಲ ಮನೆಗೆ ಕರೆದು, ಚಹಾ ಕೊಟ್ಟು, ರೇಡಿಯೋದ ಸುತ್ತ ಕೂಡಿಸಿದೆ. ಕೊಳಲು ಶುರುವಾದದ್ದೇ ನಾನು ರೇಡಿಯೋದ ದನಿ ಏರಿಸಿದೆ. "ಕೇಳ್ರಿ, ಇದು ನಮ್ಮ ರಕ್ತ" ಎಂದೆ. ಕಣ್ಣಲ್ಲಿ ನೀರು ಇಳಿಯಿತು. ಸಾಹೇಬರೂ ಕರವಸ್ತ್ರ ತೆಗೆದರು. ವಾದನ ಮುಗಿಯಿತು. ಉದ್ಘೋಷಕರು ಇಲ್ಲಿಯವರೆಗೆ ನುಡಿಸಿದವರೆಂದು ಯಾರೋ ಬೇರೆ ಕಲಾವಿದರ ಹೆಸರು ಹೇಳಿ, ಈಗ ಹುಮನಾಬಾದಿನ ಸುಶೀಲಾ ಅವರ ಕೊಳಲು ಎಂದರು. ಸಾಹೇಬರು ಕರವಸ್ತ್ರವನ್ನು ನಿಧಾನವಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು. ನನಗೋ ಅಕ್ಕನ ಪಾಲಿಗೆಂದು ಒಂದು ಹನಿ ಕಣ್ಣೀರೂ ಉಳಿದಿರಲಿಲ್ಲ. ಆದರೂ ಮಂದಿಯ ಎದುರು ಒಣ ಕಣ್ಣುಗಳನ್ನೇ ಇನ್ನೊಮ್ಮೆ ಚೆನ್ನಾಗಿ ಒರೆಸಿಕೊಂಡೆ.